ರಿಪೋರ್ಟಿನಲ್ಲಿ ‘ನಾರ್ಮಲ್’ ಆಗಿದ್ದ 34: ನಮ್ಮ ಮನೆಯ ಒಂದು ಮಾರ್ಫಾನ್ ಪ್ರಕರಣ

ಜಮಖಂಡಿಯಲ್ಲಿ ನನ್ನದೊಂದು ಚಸ್ಮಾದ ಅಂಗಡಿ ಇದೆ. ಆಪ್ಟೊಮೆಟ್ರಿ ಡಿಪ್ಲೊಮಾ ಮಾಡಿಕೊಂಡಿದ್ದೇನೆ, 16 ವರ್ಷದಿಂದ ಜನರ ಕಣ್ಣಿನ ನಂಬರ್ ನೋಡುತ್ತಿದ್ದೇನೆ. ಡಾಕ್ಟರ್ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಡಾಕ್ಟರಿಕೆಯ ಮಾತು ಬಹಳ ಬರುತ್ತದೆ. ಅವೆಲ್ಲ ಓಪಿಡಿಗಳ ಬೆಂಚಿನ ಮೇಲೆ ಕೂತು, ಕೇಳಿದ್ದನ್ನೇ ಮತ್ತೆ ಕೇಳಿ ಬೈಸಿಕೊಂಡು, ಮೊಬೈಲಿನಲ್ಲಿ ಬರೆದಿಟ್ಟುಕೊಂಡು ಕಲಿತದ್ದು. ಮಾರ್ಫಾನ್ ಎಂದರೆ ಅಂಗಾಂಗಗಳನ್ನು ಹಿಡಿದಿಡುವ ದಾರವೇ ಸಡಿಲಾಗಿರುವ, ಹುಟ್ಟಿನಿಂದ ಬರುವ ಕಾಯಿಲೆ. ಹುಡುಗ ನನ್ನ ಅಕ್ಕನ ಮಗ. ಹೆಸರು ಬೇಡ.

ಆಗ ಅವನಿಗೆ 13 ವರ್ಷ. ಜೂನ್‌ನಲ್ಲಿ ಸಾಲೆ ಶುರುವಾದ ವಾರ ಅಂಗಡಿಗೆ ಬಂದು, "ಮಾಮಾ, ಬೋರ್ಡ್ ಕಾಣವಲ್ದು" ಎಂದ. ಹಳೇ ನಂಬರ್ ಎರಡೂ ಕಣ್ಣಿಗೆ ಮೈನಸ್ 3.5 ಇತ್ತು. ಒಂದೇ ವರ್ಷದಲ್ಲಿ ಬಲಗಣ್ಣು ಮೈನಸ್ 8ಕ್ಕೆ ಹೋಗಿತ್ತು, ಜೊತೆಗೆ ಕಣ್ಣಿನ ಡೊಂಕಿಗೆ ಕೊಡುವ ಸಿಲಿಂಡರ್ ನಂಬರ್ ಬೇರೆ ದೊಡ್ಡದಿತ್ತು. ಅಷ್ಟು ಗಾಜು ಹಾಕಿದರೂ ಚಾರ್ಟಿನ ಕೊನೆಯ ಮೂರು ಸಾಲು ಓದಲಿಲ್ಲ. ಬೆಳೆಯುವ ಮಕ್ಕಳಿಗೆ ನಂಬರ್ ಏರುತ್ತದೆ, ನಿಜ. ಹೀಗೆ ಏರುವುದಿಲ್ಲ.

ಟ್ರಯಲ್ ಫ್ರೇಮ್ ತೆಗೆದು, ಟಾರ್ಚ್ ಹಿಡಿದು, "ಬಾಗಿಲ ನೋಡು, ಈಗ ನನ್ನ ಕಡೆ ನೋಡು" ಎಂದೆ. ಕಣ್ಣು ತಿರುಗಿ ನನ್ನ ಮೇಲೆ ನಿಂತಿತು. ಪಾಪೆಯ ಸುತ್ತಲಿನ ಕಂದು ಪರದೆ ಮಾತ್ರ ನಿಲ್ಲಲಿಲ್ಲ. ತುಂಬಿದ ತಂಬಿಗೆ ತಂದು ಕಟ್ಟೆಯ ಮೇಲಿಟ್ಟ ಮೇಲೂ ಒಳಗಿನ ನೀರು ತುಸು ಹೊತ್ತು ಅಲುಗಾಡುತ್ತದಲ್ಲ, ಹಾಗೆ ನಡುಗಿತು. ಡಿಪ್ಲೊಮಾದಲ್ಲಿ ಇದರ ಬಗ್ಗೆ ಒಂದೇ ಒಂದು ಸಾಲು ಓದಿದ್ದೆ, ಕಣ್ಣಾರೆ ನೋಡಿದ್ದು ಅದೇ ಮೊದಲು. ಆ ಪರದೆಗೆ ಹಿಂದಿನಿಂದ ಮಸೂರದ ಆಸರೆ ಇರುತ್ತದೆ. ಮಸೂರ ಸಡಿಲಾದರೆ ಪರದೆ ನಡುಗುತ್ತದೆ.

ಅವತ್ತು ಚಸ್ಮಾ ಕೊಡಲಿಲ್ಲ. ಎರಡು ದಿನ ಬಿಟ್ಟು ಬೆಳಗಾವಿಯ ಒಂದು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಡ್ರಾಪ್ಸ್ ಹಾಕಿ ಪಾಪೆ ಹಿಗ್ಗಿಸಿ ನೋಡಿದ ಮೇಡಂ ನನಗೂ ಮಷಿನ್‌ನಲ್ಲಿ ತೋರಿಸಿದರು. ಎರಡೂ ಮಸೂರ ಮೇಲಕ್ಕೆ ಜರುಗಿದ್ದವು, ಕೆಳಗಿನ ಅಂಚು ಬಿಲ್ಲಿನ ಹಾಗೆ ಕಾಣುತ್ತಿತ್ತು. ಚೀಟಿಯಲ್ಲಿ ಬರೆದದ್ದು ಇಷ್ಟು: ಎರಡೂ ಕಡೆ ಮಸೂರ ಸ್ಥಾನ ತಪ್ಪಿದೆ, ಸಿಟಿಡಿ ಇರಬಹುದೇ ನೋಡಿ, ಹೃದಯದ ತಪಾಸಣೆ ಮಾಡಿಸಿ.

"ಕಣ್ಣಿಗೆ ಆದ್ರ ಎದಿ ಯಾಕ ತೋರಿಸಬೇಕೋ?" ಎಂದಳು ಅಕ್ಕ. ನನಗೂ ಆಗ ಪೂರ್ತಿ ಗೊತ್ತಿರಲಿಲ್ಲ. ಈಗ ಹೇಳಬಲ್ಲೆ. ಮೈಯಲ್ಲಿ ಫೈಬ್ರಿಲಿನ್ ಅಂತ ಒಂದು ಪ್ರೋಟೀನ್ ಇದೆ, ಅಂಗಾಂಗಗಳನ್ನು ಹಿಡಿದಿಡುವ ದಾರದ ಹಾಗೆ. ಮಸೂರವನ್ನು ತೂಗುಹಾಕಿದ ಸಣ್ಣ ಎಳೆಗಳು ಅದರವೇ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಇದೆಯಲ್ಲ, ಮಹಾಪಧಮನಿ, ಅದರ ಗೋಡೆಯಲ್ಲೂ ಅದೇ ದಾರ. ಕಣ್ಣಿನಲ್ಲಿ ದಾರ ಸಡಿಲ ಎಂದರೆ ಅಲ್ಲೂ ನೋಡಲೇಬೇಕು.

ಊರಿಗೆ ಹತ್ತಿರದ ಒಂದು ಕಡೆ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದೆವು. ಎಲ್ಲಿ ಅನ್ನುವುದು ಬೇಡ. ಎರಡು ಹಾಳೆಯ ರಿಪೋರ್ಟು, ತುಂಬ ಅಂಕಿಗಳು, ಕೊನೆಗೆ ದಪ್ಪ ಅಕ್ಷರದಲ್ಲಿ ‘ನಾರ್ಮಲ್ ಸ್ಟಡಿ’. ಅಕ್ಕ ಹಣಮಪ್ಪನಿಗೆ ಕಾಯಿ ಒಡೆಸಿದಳು. ನಾನೂ ಕೊನೆಯ ಸಾಲು ಓದಿ ಫೈಲಿಗೆ ಹಾಕಿದೆ.

ಇಲ್ಲಿಂದ ಮುಂದೆ ಎರಡು ತಿಂಗಳು ಹಾಳಾದದ್ದು ನನ್ನಿಂದಲೇ. ಸಿಟಿಡಿ ಎಂದರೆ ಕನೆಕ್ಟಿವ್ ಟಿಶ್ಯೂ ಡಿಸಾರ್ಡರ್. ಮೊಬೈಲಿನಲ್ಲಿ ಹುಡುಕಿದರೆ ರುಮಟಾಲಜಿಸ್ಟ್ (ಸಂಧಿವಾತದಂಥ ಕಾಯಿಲೆ ನೋಡುವ ಡಾಕ್ಟರು) ಹತ್ತಿರ ಹೋಗಿ ಎಂದು ಬಂತು. ನಮ್ಮ ಕಡೆಯವರಿಗೆ ದೊಡ್ಡ ಕಾಯಿಲೆ ಎಂದರೆ ಮೊದಲು ನೆನಪಾಗುವುದು ಮಿರಜ. ಅಜ್ಜನ ಕಾಲದಿಂದ ಹಾಗೇ, ಗಂಟು ಕಟ್ಟಿಕೊಂಡು ಮಿರಜಿಗೆ ಹೋಗುವುದು. ಆ ಕಡೆ ಒಬ್ಬ ತಜ್ಞರ ಅಪಾಯಿಂಟ್‌ಮೆಂಟ್ ಸಿಗುವುದಕ್ಕೆ ಐದು ವಾರ ಬೇಕಾಯಿತು. ಎಎನ್‌ಎ ಅಂತ ರಕ್ತ ಪರೀಕ್ಷೆ ಮಾಡಿಸಿ, ರಿಪೋರ್ಟ್ ಬರುವವರೆಗೆ ಕಾದು, ಮತ್ತೆ ಹೋದೆವು. ನೆಗೆಟಿವ್ ಬಂದಿತ್ತು. ಆ ಡಾಕ್ಟರು ಒಳ್ಳೆಯವರು, ಮುಚ್ಚುಮರೆ ಇಲ್ಲದೆ ಹೇಳಿದರು: ಈ ಹೆಸರಿನಲ್ಲಿ ಎರಡು ಬೇರೆ ಬೇರೆ ಗುಂಪುಗಳಿವೆ, ನಾನು ನೋಡುವುದು ಲೂಪಸ್, ಸ್ಕ್ಲಿರೋಡರ್ಮಾದಂಥವು, ಮೈಯ ರಕ್ಷಣಾ ವ್ಯವಸ್ಥೆಯೇ ಮೈಯ ಮೇಲೆ ತಿರುಗಿ ಬೀಳುವ ಕಾಯಿಲೆ. ನಿಮ್ಮ ಹುಡುಗನದು ಹುಟ್ಟಿನಿಂದ ಬಂದ ಗುಂಪು, ಮಾರ್ಫಾನ್, ಏಲರ್ಸ್ ಡ್ಯಾನ್ಲೋಸ್, ಅಂಥವು. ಅದಕ್ಕೆ ಹೃದಯದವರು, ಕಣ್ಣಿನವರು, ಜೆನೆಟಿಕ್ಸ್‌ನವರು ಬೇಕು.

ಒಂದೇ ಹೆಸರು, ಎರಡು ದಾರಿ. ಚೀಟಿಯಲ್ಲಿ ಸಿಟಿಡಿ ಎಂದು ಕಂಡರೆ ಯಾವ ಸಿಟಿಡಿ ಎಂದು ಬರೆದವರನ್ನೇ ಕೇಳಬೇಕಿತ್ತು. ನಾನು ಕೇಳಲಿಲ್ಲ.

ಅಕ್ಟೋಬರ್‌ನಲ್ಲಿ ಬಾಗಲಕೋಟೆಯ ಒಂದು ಮೆಡಿಕಲ್ ಕಾಲೇಜು ಆಸ್ಪತ್ರೆಯ ಮೆಡಿಸಿನ್ ವಿಭಾಗಕ್ಕೆ ಹೋದೆವು. ಅಲ್ಲಿನ ಹಿರಿಯ ಡಾಕ್ಟರು ಫೈಲ್ ತೆಗೆಯಲೇ ಇಲ್ಲ. "ತಮ್ಮಾ, ಹೆಬ್ಬೆರಳು ಒಳಗ ಹಾಕಿ ಮುಷ್ಟಿ ಕಟ್ಟು" ಎಂದರು. ಕಟ್ಟಿದ. ಹೆಬ್ಬೆರಳಿನ ಉಗುರು ಕಿರುಬೆರಳಿನ ಆಚೆ ಪೂರ್ತಿ ಹೊರಗೆ ಬಂದಿತ್ತು. ಒಂದು ಕೈಯಿಂದ ಇನ್ನೊಂದು ಕೈಯ ಮಣಿಕಟ್ಟು ಹಿಡಿಸಿದರು, ಹೆಬ್ಬೆರಳು ಕಿರುಬೆರಳ ಮೇಲೆ ಹತ್ತಿ ಕೂತಿತು. ಅಂಗಿ ಬಿಚ್ಚಿಸಿದರು. ಎದೆಯ ನಡುವಿನ ಎಲುಬು ಮುಂದಕ್ಕೆ ಬಂದಿದೆ. ಬೆನ್ನ ಮೇಲೆ ಅಡ್ಡಡ್ಡ ಬಿಳಿ ಗೆರೆ, ಬಸುರಿ ಹೆಂಗಸರ ಹೊಟ್ಟೆಯ ಮೇಲೆ ಇರುತ್ತವಲ್ಲ, ಅಂಥವು. ಅಂಗಾಲು ಸಪಾಟು. ಎತ್ತರ 178 ಸೆಂ.ಮೀ., ಎರಡೂ ಕೈ ಚಾಚಿ ಅಳೆದರೆ 189. ಎತ್ತರಕ್ಕಿಂತ ಕೈಚಾಚು 1.05 ಪಟ್ಟು ಮೀರಬಾರದಂತೆ, ಇವನದು 1.06. ಒಂದೊಂದಕ್ಕೂ ಇಷ್ಟಿಷ್ಟು ಅಂಕ ಎಂದು ಅವರು ಎಣಿಸುತ್ತಾ ಹೋದರು: ಬೆರಳು ಮಣಿಕಟ್ಟು ಸೇರಿ 3, ಎದೆ 2, ಅಂಗಾಲು 1, ಗೆರೆ 1, ಕೈಚಾಚು 1, ಮೈನಸ್ 3 ದಾಟಿದ ಚಸ್ಮಾ ನಂಬರ್‌ಗೆ 1. ಒಟ್ಟು 9. 7 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಗಂಭೀರವಾಗಿ ತೆಗೆದುಕೊಳ್ಳಬೇಕು. (ಚಸ್ಮಾ ನಂಬರ್‌ಗೂ ಒಂದು ಅಂಕ ಇದೆ ಎಂದು ಕೇಳಿ ನನಗೆ ಆ ಹೊತ್ತಿನಲ್ಲೂ ಸಣ್ಣ ಹೆಮ್ಮೆ ಆಯಿತು, ಸುಳ್ಳು ಯಾಕೆ ಹೇಳಲಿ.)

ಈ ಎಲ್ಲವನ್ನೂ ನಾವು ದಿನಾ ನೋಡುತ್ತಿದ್ದೆವು. ಹುಡುಗ ಸೊರಗಿದ್ದಾನೆ, ಬರೀ ಎತ್ತರ ಬೆಳೆಯುತ್ತಿದ್ದಾನೆ ಎಂದು ಅಜ್ಜ ಹಾಲು ಕುಡಿಸಿ ಗರಡಿಗೆ ಕಳಿಸುವ ಮಾತಾಡುತ್ತಿದ್ದ. ಕುಸ್ತಿಯ ಊರು ನಮ್ಮದು, ಸಣಕಲು ಹುಡುಗರಿಗೆಲ್ಲ ಅದೇ ಔಷಧ.

ಆಮೇಲೆ ಡಾಕ್ಟರು ಅಪ್ಪನ ಬಗ್ಗೆ ಕೇಳಿದರು. ಅಕ್ಕ ಸುಮ್ಮನಾದಳು, ನಾನೇ ಹೇಳಿದೆ. ಹುಡುಗನ ಅಪ್ಪ ನನಗೆ ಸೋದರಮಾವ, ನಮ್ಮವ್ವನ ತಮ್ಮ. ಅಕ್ಕನನ್ನು ಅವನಿಗೇ ಕೊಟ್ಟಿದ್ದು. ಆರು ಅಡಿ ಎರಡು ಇಂಚು ಇದ್ದ. ಏಳು ವರ್ಷದ ಹಿಂದೆ ಜನವರಿಯಲ್ಲಿ, ಕಬ್ಬಿನ ಹಂಗಾಮು, ಟ್ರಾಲಿಗೆ ಕಬ್ಬು ಹೇರುತ್ತಿದ್ದಾಗ "ಬೆನ್ನಾಗ ಹರದಂಗ ಆತು" ಎಂದು ಕೂತವನು ದವಾಖಾನೆ ಮುಟ್ಟಲಿಲ್ಲ. 36 ವರ್ಷ. ಹಾರ್ಟ್ ಅಟ್ಯಾಕ್ ಎಂದರು, ನಾವೂ ಹಾಗೇ ನಂಬಿದ್ದೆವು. ಡಾಕ್ಟರು ಪೆನ್ನು ಕೆಳಗಿಟ್ಟು, ಹರಿದ ಹಾಗೆ ಅಂತಲೇ ಅಂದಿದ್ದನಾ ಎಂದು ಎರಡು ಸಲ ಕೇಳಿದರು. ಮಹಾಪಧಮನಿಯ ಒಳಪದರ ಸೀಳಿದಾಗ ನೋವು ಹಾಗೇ ಬರುತ್ತದಂತೆ. ಈಗ ಸಾಬೀತು ಮಾಡುವ ದಾರಿ ಇಲ್ಲ.

ಇನ್ನೊಂದು ಸುತ್ತು ಉಳಿದಿತ್ತು. ಸಂಬಂಧದಲ್ಲಿ ಮದುವೆ ಎಂದು ಕೇಳಿದ ಕೂಡಲೇ ಅವರು ಹೋಮೋಸಿಸ್ಟಿನ್ ಅಂತ ರಕ್ತ ಪರೀಕ್ಷೆ ಬರೆದರು. ಹೋಮೋಸಿಸ್ಟಿನೂರಿಯಾ ಅಂತ ಒಂದು ಕಾಯಿಲೆ ಹೊರಗಿನಿಂದ ನೋಡಲು ಮಾರ್ಫಾನ್ ಥರಾನೇ ಇರುತ್ತದೆ: ಎತ್ತರ, ಉದ್ದ ಬೆರಳು, ಜರುಗಿದ ಮಸೂರ. ವ್ಯತ್ಯಾಸ ಏನೆಂದರೆ ಅದರಲ್ಲಿ ಮಸೂರ ಹೆಚ್ಚಾಗಿ ಕೆಳಗೆ ಜರುಗುತ್ತದೆ, ರಕ್ತ ಹೆಪ್ಪುಗಟ್ಟುವ ಭಯ ಇರುತ್ತದೆ, ಮತ್ತು ಅರ್ಧದಷ್ಟು ಜನರಿಗೆ ಬಿ6 ವಿಟಮಿನ್‌ನಿಂದ ಉಪಯೋಗ ಆಗುತ್ತದೆ. ಚಿಕಿತ್ಸೆಯೇ ಬೇರೆ. ಹಾಗಾಗಿ ಬಿಡುವ ಹಾಗಿಲ್ಲ.

ರಕ್ತ ಊರಲ್ಲೇ ಕೊಟ್ಟೆವು, ಅವರು ಸಂಜೆ ಬಸ್ಸಿಗೆ ಹಾಕಿ ಬೇರೆ ಊರಿನ ಲ್ಯಾಬಿಗೆ ಕಳಿಸಿದರು. ರಿಪೋರ್ಟ್ 19 ಬಂತು, ಪಕ್ಕದಲ್ಲಿ ಕೆಂಪು ಬಾಣದ ಗುರುತು. ಆ ರಾತ್ರಿ ಮನೆಯಲ್ಲಿ ಯಾರೂ ಉಣ್ಣಲಿಲ್ಲ. ಮರುದಿನ ಡಾಕ್ಟರಿಗೆ ಫೋಟೊ ಕಳಿಸಿದರೆ, ಇದು ಆ ಕಾಯಿಲೆಯ ಅಂಕಿ ಅಲ್ಲ, ಚಿಕಿತ್ಸೆ ಇಲ್ಲದವರಲ್ಲಿ ಸಾಮಾನ್ಯವಾಗಿ 100 ದಾಟಿರುತ್ತದೆ ಎಂದರು. ತೆಗೆದ ರಕ್ತವನ್ನು ಐಸ್‌ನಲ್ಲಿಟ್ಟು ಬೇಗ ಬೇರ್ಪಡಿಸದಿದ್ದರೆ ಕೆಂಪು ಕಣಗಳಿಂದ ಇದು ಸೋರುತ್ತಲೇ ಇರುತ್ತದೆ, ಅಂಕಿ ಸುಳ್ಳೇ ಏರುತ್ತದೆ. ಬಿ12 ಕಡಿಮೆ ಇದ್ದರೂ ಏರುತ್ತದೆ. ಆಸ್ಪತ್ರೆಯಲ್ಲೇ ಮತ್ತೆ ಕೊಟ್ಟೆವು, 11 ಬಂತು. ಬಿ12 ನಿಜಕ್ಕೂ ಕಡಿಮೆ ಇತ್ತು, ರೊಟ್ಟಿ ಪಲ್ಯೆ ಉಣ್ಣುವ ಮನೆ, ಅದಕ್ಕೆ ಗುಳಿಗೆ ಕೊಟ್ಟರು.

ನವೆಂಬರ್‌ನಲ್ಲಿ ಬೆಳಗಾವಿಯಲ್ಲಿ ಮಕ್ಕಳ ಹೃದಯದ ತಜ್ಞರೊಬ್ಬರು ಸಿಕ್ಕರು. ದೊಡ್ಡವರ ಹೃದಯ ನೋಡುವವರಲ್ಲ, ಮಕ್ಕಳದೇ ನೋಡುವವರು. ಅವರು ಮೊದಲು ಕೇಳಿದ್ದು ಹಳೇ ಎಕೋ ರಿಪೋರ್ಟು. ಕೊನೆಯ ಸಾಲು ಬಿಟ್ಟು ಮೊದಲ ಹಾಳೆಯ ನಡುವಿನ ಒಂದು ಅಂಕಿಯ ಮೇಲೆ ಬೆರಳಿಟ್ಟರು. ಮಹಾಪಧಮನಿಯ ಬುಡ, 34 ಮಿ.ಮೀ. ಹುಡುಗನ ಎತ್ತರ, ತೂಕ ಕೇಳಿದರು. ಅಂದು 48 ಕೆ.ಜಿ. ಇದ್ದ. ಫೋನಿನಲ್ಲಿ ಲೆಕ್ಕ ಹಾಕಿ ನನ್ನ ಕಡೆ ತಿರುಗಿಸಿದರು. ಝಡ್ ಸ್ಕೋರ್ 3 ದಾಟಿತ್ತು.

ಅವರು ಹೇಳಿದ್ದು ಹೀಗೆ. 34 ಎನ್ನುವುದು ಪೂರ್ತಿ ಬೆಳೆದ ಗಂಡಸಿಗೆ ಸರಿಯಾದ ಅಳತೆ. ಮಕ್ಕಳಿಗೆ ಮೈಯ ಗಾತ್ರಕ್ಕೆ ಹೊಂದಿಸಿ ನೋಡಬೇಕು, ಅದೇ ಝಡ್ ಸ್ಕೋರ್. 2ರ ಒಳಗೆ ಇದ್ದರೆ ಸರಿ. ಇವನ ಮೈಗೆ ಅದು 26ರ ಆಸುಪಾಸು ಇರಬೇಕಿತ್ತು.

ಅಂದರೆ ಜುಲೈನಿಂದ ಉತ್ತರ ನನ್ನ ಫೈಲಿನಲ್ಲೇ ಇತ್ತು! ಅಳತೆ ತಪ್ಪಾಗಿರಲಿಲ್ಲ, ಮಷಿನ್ ಸರಿಯಾಗೇ ಅಳೆದಿತ್ತು. ಆ ಅಂಕಿಯನ್ನು ಹುಡುಗನ ಮೈಯ ಪಕ್ಕ ಇಟ್ಟು ಯಾರೂ ನೋಡಿರಲಿಲ್ಲ. ನನ್ನ ಕಸುಬಿನಲ್ಲಿ ಇದನ್ನು ನಾನು ಮಾಡುವುದಿಲ್ಲ, ಅಪ್ಪನಿಗೆ ಕೂಡುವ ಫ್ರೇಮನ್ನು ಮಗನ ಮುಖಕ್ಕೆ ಹಾಕಿ ಸೈಜ್ ಸರಿ ಇದೆ ಎನ್ನುವುದಿಲ್ಲ. ಆದರೂ ‘ನಾರ್ಮಲ್’ ಓದಿದ ಕೂಡಲೇ ಹಾಳೆ ಮಡಚಿದವನು ನಾನೇ.

ಅವರೇ ಮತ್ತೊಮ್ಮೆ ಎಕೋ ಮಾಡಿದರು, 35 ಬಂತು. 2010ರಲ್ಲಿ ತಿದ್ದಿದ ಘೆಂಟ್ ಮಾನದಂಡ ಎಂದು ಇದೆ, ಅದರ ಪ್ರಕಾರ ಹಿಗ್ಗಿದ ಮಹಾಪಧಮನಿ ಮತ್ತು ಜರುಗಿದ ಮಸೂರ ಎರಡೂ ಇದ್ದರೆ ಅಷ್ಟಕ್ಕೇ ಮಾರ್ಫಾನ್ ಎಂದು ತೀರ್ಮಾನಿಸಬಹುದು. ಜೀನ್ ಪರೀಕ್ಷೆಗೆ ಕಾಯಬೇಕಿಲ್ಲ. ಸುಮಾರು 5,000 ಜನರಲ್ಲಿ ಒಬ್ಬರಿಗೆ ಇರುತ್ತದೆ. ಪ್ಯಾರಿಸ್‌ನ ಮಕ್ಕಳ ವೈದ್ಯ ಆಂಟ್ವಾನ್ ಮಾರ್ಫಾನ್ 1896ರಲ್ಲಿ ಉದ್ದ ಬೆರಳಿನ ಒಬ್ಬ ಹುಡುಗಿಯ ಬಗ್ಗೆ ಬರೆದದ್ದರಿಂದ ಈ ಹೆಸರು ಬಂತಂತೆ.

ಔಷಧ ಅವತ್ತೇ ಶುರು. ಬೀಟಾ ಬ್ಲಾಕರ್, ಅಟೆನೊಲಾಲ್. ಹೃದಯದ ಬಡಿತದ ಜೋರು ಕಡಿಮೆ ಮಾಡಿ ಗೋಡೆಯ ಮೇಲಿನ ಹೊಡೆತ ತಗ್ಗಿಸುತ್ತದೆ. ಕೊಡುವ ಮೊದಲು ದಮ್ಮು ಇದೆಯೇ ಎಂದು ಕೇಳಿದರು, ಇರಲಿಲ್ಲ. ಲೊಸಾರ್ಟನ್ ಎನ್ನುವ ಇನ್ನೊಂದು ಗುಳಿಗೆಯ ಬಗ್ಗೆ ಓದಿಕೊಂಡು ಹೋಗಿ ಕೇಳಿದೆ. 2014ರಲ್ಲಿ ಎರಡನ್ನೂ ಹೋಲಿಸಿದ ದೊಡ್ಡ ಅಧ್ಯಯನ ಬಂತು, ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಒಂದು ಒಗ್ಗದಿದ್ದರೆ ಇನ್ನೊಂದು, ಬೇಕಾದರೆ ಎರಡೂ ಎಂದರು. ಆರು ತಿಂಗಳಿಗೆ ಮತ್ತೆ ಎಕೋ, ಆಮೇಲೆ ವರ್ಷಕ್ಕೊಮ್ಮೆ. ದೊಡ್ಡವನಾದ ಮೇಲೆ 50 ಮಿ.ಮೀ. ಹತ್ತಿರ ಬಂದರೆ ಆಪರೇಶನ್. ಮನೆಯಲ್ಲಿ ಯಾರಿಗಾದರೂ ಸೀಳಿದ್ದಿದ್ದರೆ ಅದಕ್ಕೂ ಮೊದಲೇ. ನಮ್ಮದು ಬಿಪಿಎಲ್ ಕಾರ್ಡು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಆದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು. ಆಪರೇಶನ್ ಬರುವ ದಿನ ಓಡಾಡುವುದು ಬೇಡ ಎಂದು ಆ ವಿಚಾರವನ್ನು ಈಗಲೇ ತಿಳಿದುಕೊಂಡಿದ್ದೇನೆ.

ಹುಡುಗ ಅತ್ತದ್ದು ಒಂದೇ ವಿಷಯಕ್ಕೆ, ವಾಲಿಬಾಲ್. ತಾಲೂಕು ಟೀಮಿಗೆ ಪಿಇ ಸರ್ ಅವನನ್ನು ತೆಗೆದುಕೊಂಡಿದ್ದರು. ನೆಟ್ ಮುಂದೆ ಅಂಥ ಎತ್ತರದ ಹುಡುಗ ಸಿಗುವುದು ಸುಲಭವೇ? ನಾನು ಸಾಲೆಗೆ ಹೋಗಿ ಸರ್‌ಗೆ ಫ್ಲೋ ಹೈಮನ್ ಕಥೆ ಹೇಳಿದೆ. 1984ರ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದ ಅಮೆರಿಕದ ತಂಡದ ಆಟಗಾರ್ತಿ, ಆರೂವರೆ ಅಡಿಗೆ ಒಂದು ಇಂಚು ಕಡಿಮೆ. 1986ರ ಜನವರಿಯಲ್ಲಿ ಜಪಾನಿನಲ್ಲಿ ಮ್ಯಾಚ್ ನಡುವೆ ಬೆಂಚಿಗೆ ಬಂದು ಕೂತಾಗ ಕುಸಿದು ತೀರಿಕೊಂಡರು, 31 ವರ್ಷ. ಮಾರ್ಫಾನ್ ಇತ್ತು ಎಂದು ಗೊತ್ತಾದದ್ದು ಪೋಸ್ಟ್‌ಮಾರ್ಟಮ್‌ನಲ್ಲಿ. ಆಮೇಲೆ ಅವರ ಸಹೋದರನೊಬ್ಬನನ್ನು ಪರೀಕ್ಷೆ ಮಾಡಿಸಿದರು, ಅವನಿಗೂ ಇತ್ತು, ಆಪರೇಶನ್ ಮಾಡಿ ಉಳಿಸಿಕೊಂಡರು. ಸರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಈಗ ಹುಡುಗ ಟೀಮಿನ ಸ್ಕೋರ್ ಬರೆಯುತ್ತಾನೆ. ಬೇಜಾರು ಹೋಗಿಲ್ಲ, ಹೋಗಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನಡೆಯಬಹುದು, ಆರಾಮಾಗಿ ಸೈಕಲ್ ಹೊಡೆಯಬಹುದು. ಭಾರ ಎತ್ತುವುದು, ಕುಸ್ತಿ, ಕಬಡ್ಡಿ ಬಂದ್.

ಮೆಡಿಕಲ್ ಅಂಗಡಿಯವರಿಗೂ ಒಂದು ಚೀಟಿ ಕೊಟ್ಟಿದ್ದೇನೆ. ಸಿಪ್ರೊಫ್ಲಾಕ್ಸಾಸಿನ್, ಒಫ್ಲಾಕ್ಸಾಸಿನ್, ಲಿವೊಫ್ಲಾಕ್ಸಾಸಿನ್ ಇವನಿಗೆ ಕೊಡಬೇಡಿ. ನಮ್ಮಲ್ಲಿ ಜುಲಾಬು ಆದರೆ ಕೇಳದೆಯೇ ಕೈಗಿಡುವ ಗುಳಿಗೆ ಇವು. ಮಾರ್ಫಾನ್ ಇದ್ದವರಿಗೆ ಮಹಾಪಧಮನಿ ಸೀಳುವ ಅಪಾಯ ಹೆಚ್ಚಿಸಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರ ಡಿಸೆಂಬರ್‌ನಲ್ಲೇ ಎಚ್ಚರಿಕೆ ಕೊಟ್ಟಿದೆ. ಹುಡುಗನ ಕಂಪಾಸ್ ಬಾಕ್ಸಿನಲ್ಲಿ ಇನ್ನೊಂದು ಚೀಟಿ ಇದೆ, ಲ್ಯಾಮಿನೇಶನ್ ಮಾಡಿಸಿದ್ದು: ಮಾರ್ಫಾನ್ ಇದೆ, ಎದೆ ಅಥವಾ ಬೆನ್ನಿನಲ್ಲಿ ಒಮ್ಮೆಲೇ ಜೋರು ನೋವು ಬಂದರೆ ಇಸಿಜಿ ಸರಿ ಬಂತು ಎಂದು ಮನೆಗೆ ಕಳಿಸಬೇಡಿ, ಮಹಾಪಧಮನಿಯ ಸಿಟಿ ಆಂಜಿಯೊ ಮಾಡಿ, ಅದಕ್ಕೂ ಮೊದಲು ರಕ್ತ ತೆಳುವಾಗುವ ಔಷಧ ಕೊಡಬೇಡಿ. ಇದನ್ನು ಬರೆಸಿಕೊಟ್ಟವರು ಹೃದಯದ ಡಾಕ್ಟರೇ, ಕೆಳಗೆ ಅವರ ಸಹಿ ಇದೆ.

ಸಂಕ್ರಾಂತಿ ಮುಗಿಸಿ ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಹೋದೆವು, ಜೆನೆಟಿಕ್ಸ್ ಡಾಕ್ಟರನ್ನು ಕಾಣಲು. ರಕ್ತ ಕೊಟ್ಟೆವು, ಕೆಲವು ವಾರದ ಮೇಲೆ 15ನೇ ಕ್ರೋಮೋಸೋಮಿನ ಎಫ್‌ಬಿಎನ್1 ಜೀನ್‌ನಲ್ಲಿ ದೋಷ ಇದೆ ಎಂದು ರಿಪೋರ್ಟ್ ಬಂತು. ಅದು ನಾವು ಕಾಯುತ್ತಿದ್ದ ಸುದ್ದಿಯೇ. ಅಲ್ಲಿಗೆ ಹೋದದ್ದರ ಲಾಭ ಬೇರೆಯೇ ಇತ್ತು.

ಜೂನ್‌ನಿಂದ ಈಚೆಗೆ ಓಣಿಯಲ್ಲಿ ಒಂದು ಮಾತು ಓಡಾಡುತ್ತಿತ್ತು: ಸೋದರಮಾವಗ ಕೊಟ್ರು, ಅದಕ್ಕ ಹಿಂಗಾತು. ಅಕ್ಕ ಅದನ್ನು ನುಂಗಿಕೊಂಡಿದ್ದಳು. ಮದುವೆ ಮಾಡಿಸಿದ ನಮ್ಮವ್ವ ಅವಳ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಿದ್ದಳು. ಜೆನೆಟಿಕ್ಸ್ ಮೇಡಂ ಹಾಳೆಯ ಮೇಲೆ ಗೆರೆ ಎಳೆದು ವಂಶದ ನಕ್ಷೆ ಬರೆದರು. ಕೆಲವು ಕಾಯಿಲೆಗೆ ದೋಷದ ಜೀನ್ ಅಪ್ಪ ಅವ್ವ ಇಬ್ಬರಿಂದಲೂ ಬರಬೇಕು, ಅಲ್ಲಿ ಸಂಬಂಧದ ಮದುವೆಯಿಂದ ಅಪಾಯ ಜಾಸ್ತಿ. ಹೋಮೋಸಿಸ್ಟಿನೂರಿಯಾ ಆಗಿದ್ದರೆ ಆ ಮಾತು ನಿಜ. ಮಾರ್ಫಾನ್‌ಗೆ ಒಬ್ಬರಿಂದ ಬಂದರೆ ಸಾಕು. ಅಪ್ಪನಿಗೆ ಇತ್ತು ಎಂದರೆ ಅವನು ಯಾರನ್ನು ಮದುವೆಯಾಗಿದ್ದರೂ ಪ್ರತಿ ಮಗುವಿಗೂ ಅರ್ಧಕ್ಕರ್ಧ ಸಾಧ್ಯತೆ. ಪರಊರಿನ ಹುಡುಗಿಯಾಗಿದ್ದರೂ ಅಷ್ಟೇ. ಹತ್ತಿರ ಹತ್ತಿರ ನಾಲ್ಕರಲ್ಲಿ ಒಬ್ಬರಿಗಂತೂ ಅಪ್ಪ ಅವ್ವ ಯಾರಿಗೂ ಇರದೆ ಹೊಸದಾಗಿ ಬಂದಿರುತ್ತದೆ.

"ಅಂದ್ರ ನಂದಲ್ಲೇನ್ರಿ ಮೇಡಂ?" ಎಂದಳು ಅಕ್ಕ.

"ನಿಮ್ದಲ್ಲ. ಯಾರ್ದೂ ಅಲ್ಲ."

ಅಕ್ಕ ಆ ನಕ್ಷೆಯ ಹಾಳೆ ಕೇಳಿ ಇಸಿದುಕೊಂಡಳು. ಊರಿಗೆ ಬಂದು ಅವ್ವನ ಮುಂದೆ ಇಟ್ಟು, ತನಗೆ ಹೇಳಿದ ಹಾಗೇ ಬೆರಳಿಟ್ಟು ತೋರಿಸಿ ಹೇಳಿದಳು.

ಹುಡುಗನ ತಂಗಿಗೆ 9 ವರ್ಷ. ಯಾವ ದೋಷ ಎಂದು ಗೊತ್ತಿದ್ದರಿಂದ ಅವಳಿಗೆ ಅದೊಂದನ್ನೇ ಹುಡುಕಿದರೆ ಸಾಕಾಯಿತು. ಇಲ್ಲ. ಅವ್ವನಿಗೂ ಇಲ್ಲ, ಹಾಗಾಗಿ ನನಗೂ ಅಕ್ಕನಿಗೂ ಆ ಕಡೆಯಿಂದ ಬರುವ ಪ್ರಶ್ನೆ ಇಲ್ಲ.

ಈಗ ಓಡಾಟ ಹೇಗೆ ಎಂದರೆ, ಹೃದಯದ ಡಾಕ್ಟರನ್ನೇ ಮುಖ್ಯ ಎಂದು ಇಟ್ಟುಕೊಂಡಿದ್ದೇವೆ. ಅವರ ಒಪ್ಪಿಗೆ ಇಲ್ಲದೆ ಯಾರು ಕೊಟ್ಟ ಗುಳಿಗೆಯೂ ಶುರುವಾಗುವುದಿಲ್ಲ. ಕಣ್ಣಿನ ಮೇಡಂ ಆರು ತಿಂಗಳಿಗೊಮ್ಮೆ ರೆಟಿನಾ ನೋಡುತ್ತಾರೆ, ಅದು ಕಳಚುವ ಭಯ ಇಂಥವರಿಗೆ ಜಾಸ್ತಿ. ಮಸೂರದ ಆಪರೇಶನ್ ಸದ್ಯಕ್ಕೆ ಬೇಡ ಎಂದಿದ್ದಾರೆ, ಬಲಗಣ್ಣಿಗೆ ಮೈನಸ್ 9.5 ಮತ್ತು ಸಿಲಿಂಡರ್ ಸೇರಿಸಿ ತೆಳು ಗಾಜಿನ ಚಸ್ಮಾ ಮಾಡಿಕೊಟ್ಟಿದ್ದೇನೆ, ಬೋರ್ಡ್ ಕಾಣುತ್ತದೆ. ಫೈಲಿನ ಮೊದಲ ಹಾಳೆ ನಾನೇ ಬರೆದದ್ದು: ತಾರೀಖು, ಎತ್ತರ, ತೂಕ, ಮಿ.ಮೀ., ಝಡ್ ಸ್ಕೋರ್. ಮೇ ತಿಂಗಳ ಎಕೋದಲ್ಲಿ 35 ಹಾಗೇ ಇದೆ, ಹುಡುಗ ಮಾತ್ರ ಮೂರು ಸೆಂ.ಮೀ. ಬೆಳೆದಿದ್ದಾನೆ.

ಉಳಿದದ್ದು ಸಣ್ಣ ಮಾವ. ತೀರಿಕೊಂಡ ಮಾವನ ತಮ್ಮ, 41 ವರ್ಷ, ಅಣ್ಣನಷ್ಟೇ ಎತ್ತರ. ಆರು ತಿಂಗಳಿಂದ ಎಕೋ ಮಾಡಿಸು ಎಂದರೆ "ನನಗೇನ್ ಧಾಡಿ ಆಗೇದ, ದಿನಾ ನಾಕ್ ಟ್ರಾಲಿ ಹೇರತೀನಿ" ಎನ್ನುತ್ತಾನೆ. ಅವನು ಭಾರ ಹೇರುತ್ತಾನೆ ಎನ್ನುವುದೇ ನಮ್ಮ ಭಯ ಎಂದು ತಿಳಿಸಿ ಹೇಳಿ ಸಾಕಾಗಿತ್ತು. ಹೋದ ವಾರ ತಾನೇ ಅಂಗಡಿಗೆ ಬಂದ. ಪೇಪರ್ ಓದಲು ಆಗುತ್ತಿಲ್ಲವಂತೆ, ಚಾಳೀಸ ಬಂದಿರಬೇಕು, ಒಂದು ಚಸ್ಮಾ ಕೊಡು ಎಂದ. ನಂಬರ್ ತೆಗೆದೆ, ಪ್ಲಸ್ 1.25, ಚಾಳೀಸವೇ. ಪರದೆ ನಡುಗಲಿಲ್ಲ. ಮಾರ್ಫಾನ್ ಇದ್ದವರೆಲ್ಲರಿಗೂ ಮಸೂರ ಜರುಗುವುದಿಲ್ಲ, ಅಷ್ಟರಿಂದ ನೆಮ್ಮದಿ ಪಡುವ ಹಾಗಿಲ್ಲ.

"ಮಾಮಾ, ಹೆಬ್ಬೆರಳು ಒಳಗ ಹಾಕಿ ಮುಷ್ಟಿ ಕಟ್ಟು" ಎಂದೆ.

ನಗುತ್ತಾ ಕಟ್ಟಿದ. ತಾನೇ ಮುಷ್ಟಿ ತಿರುಗಿಸಿ ನೋಡಿಕೊಂಡ, ಕಿರುಬೆರಳಿನ ಆಚೆ ಉಗುರು ಇಣುಕುತ್ತಿತ್ತು. ಹುಡುಗನ ಕೈ ಅವನು ನೋಡಿದ್ದಾನೆ. ಸ್ವಲ್ಪ ಹೊತ್ತು ಬಿಟ್ಟು, "ಕಬ್ಬು ಹೋದ ಮ್ಯಾಲೆ ಹೋಗೂಣಂತ" ಎಂದ.

"ಅಣ್ಣ ಹೋಗಿದ್ದು ಕಬ್ಬಿನಾಗನ."

ಚಸ್ಮಾ ಗುರುವಾರ ಕೊಡುತ್ತೇನೆ ಎಂದೆ. ಗುರುವಾರ ಬೆಳಗಾವಿ ಡಾಕ್ಟರು ಇರುವ ದಿನ. ಆರೂವರೆ ಬಸ್ಸಿಗೆ ಬಾ, ಅಲ್ಲೇ ಬಸ್ ಸ್ಟ್ಯಾಂಡಿನಲ್ಲಿ ಕೊಡುತ್ತೇನೆ ಎಂದಿದ್ದೇನೆ. ಬರುತ್ತೇನೆ ಎಂದಿದ್ದಾನೆ.